ಉಪ್ಪು, ಕಬ್ಬಿಣ, ಒಂದು ಬಿಳಿ ಪಂಚೆ: ಹಾಸನದ ಮಕ್ಕಳೊಡನೆ ಲಾಕ್‌ವುಡ್ ಸರಣಿ ಓದುವ ಬಗೆ

ಇಂಗ್ಲಿಷ್ ಲೇಖಕ ಜೊನಾಥನ್ ಸ್ಟ್ರೌಡ್ ಅವರ ‘ಲಾಕ್‌ವುಡ್ ಅಂಡ್ ಕೋ’ ಸರಣಿಯಲ್ಲಿ ಐದು ಕಾದಂಬರಿಗಳಿವೆ. 2013ರಿಂದ 2017ರವರೆಗೆ ವರ್ಷಕ್ಕೊಂದರಂತೆ ಅವು ಪ್ರಕಟವಾದವು. ಎಳೆಯರಿಗೆಂದು ಬರೆದ ದೆವ್ವದ ಕಥೆಗಳಲ್ಲಿ ನನಗೆ ಇಷ್ಟು ಪ್ರಿಯವಾದದ್ದು ಬೇರೊಂದಿಲ್ಲ. ಹಾಸನದ ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಓದುತ್ತೇವೆ. ಮಕ್ಕಳು ಹೆದರುವುದಿಲ್ಲವೇ, ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ತಲೆಗೆ ಹತ್ತುತ್ತದೆಯೇ, ದೆವ್ವದ ಕಥೆ ಓದಿಸಿ ಏನು ಬಂತು ಎಂದು ಕೇಳುವವರಿದ್ದಾರೆ. ಅವರಿಗಾಗಿ ಈ ಬರಹ. ಮನೆಯಲ್ಲಿ ಒಬ್ಬಳೇ ಮಗಳೊಡನೆ ಓದುವವರಿಗೂ, ಶಾಲೆಯಲ್ಲಿ ಹತ್ತು ಮಕ್ಕಳ ಗುಂಪು ಕಟ್ಟುವ ಮೇಷ್ಟರಿಗೂ ಇದೇ ಕ್ರಮ ಸಾಕಾಗುತ್ತದೆ.

ಮೊದಲು ಕಥೆಯ ಲೋಕವನ್ನು ನೀವು ತಿಳಿದುಕೊಳ್ಳಿ

ಮಕ್ಕಳ ಮುಂದೆ ಪುಸ್ತಕ ತೆರೆಯುವ ಮೊದಲು ಮೊದಲ ಸಂಪುಟವನ್ನಾದರೂ ನೀವು ಪೂರ್ತಿ ಓದಿಕೊಂಡಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಎಲ್ಲಿ ನಿಲ್ಲಿಸಬೇಕು, ಯಾವ ಪುಟದಲ್ಲಿ ಮಕ್ಕಳ ಕೈ ಹಿಡಿದುಕೊಳ್ಳಬೇಕು ಎಂಬುದು ಓದಿದವರಿಗಷ್ಟೇ ಗೊತ್ತಾಗುತ್ತದೆ.

ಕಥೆ ನಡೆಯುವುದು ಲಂಡನ್ನಿನಲ್ಲಿ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಬ್ರಿಟನ್ನಿನ ತುಂಬ ಸತ್ತವರು ತಿರುಗಿ ಬರುತ್ತಿದ್ದಾರೆ. ಅಲ್ಲಿನ ಜನ ಅದನ್ನು ಬರೀ ‘ಸಮಸ್ಯೆ’ ಎಂದು ಕರೆಯುತ್ತಾರೆ, ನಾವು ನೀರಿನ ಸಮಸ್ಯೆ ಎನ್ನುವಷ್ಟೇ ಸಲೀಸಾಗಿ. ದೆವ್ವ ಮುಟ್ಟಿದರೆ ಸಾವು. ಕತ್ತಲಾದ ಮೇಲೆ ಯಾರೂ ಹೊರಗೆ ತಿರುಗುವಂತಿಲ್ಲ. ಬೀದಿಬೀದಿಯಲ್ಲಿ ದೆವ್ವವನ್ನು ದೂರವಿಡುವ ದೊಡ್ಡ ದೀಪಗಳು ಉರಿಯುತ್ತವೆ. ಇಷ್ಟೆಲ್ಲ ಇದ್ದರೂ ದೊಡ್ಡವರ ಕಣ್ಣಿಗೆ ದೆವ್ವ ಸರಿಯಾಗಿ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಆ ಶಕ್ತಿ ಮಕ್ಕಳಿಗೆ ಮಾತ್ರ ಇದೆ, ಅದೂ ಹರೆಯ ದಾಟುತ್ತಿದ್ದಂತೆ ಕುಂದುತ್ತಾ ಹೋಗುತ್ತದೆ. ಹಾಗಾಗಿ ದೆವ್ವ ಹಿಡಿಯುವ ಸಂಸ್ಥೆಗಳು ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿವೆ. ಕತ್ತಿ ಹಿಡಿದು ಒಳಗೆ ಹೋಗುವವರು ಮಕ್ಕಳು, ಹೊರಗೆ ನಿಂತು ಉಸ್ತುವಾರಿ ಮಾಡುವವರು ದೊಡ್ಡವರು.

ಲಾಕ್‌ವುಡ್ ಸಂಸ್ಥೆಯಲ್ಲಿ ಮಾತ್ರ ಉಸ್ತುವಾರಿಗೆ ಯಾರೂ ಇಲ್ಲ. ಪೋರ್ಟ್‌ಲ್ಯಾಂಡ್ ರೋ ಎಂಬ ಬೀದಿಯ 35ನೇ ನಂಬರಿನ ಮನೆಯಲ್ಲಿ ಮೂವರು ಹುಡುಗರೇ ಸೇರಿ ಅದನ್ನು ನಡೆಸುತ್ತಾರೆ. ಆಂಟನಿ ಲಾಕ್‌ವುಡ್ ಮುಂದಾಳು. ಅವನ ಕಣ್ಣು ಚುರುಕು. ಜಾರ್ಜ್ ಕಬಿನ್ಸ್ ಹಳೆಯ ಕಾಗದಪತ್ರಗಳನ್ನು ಕೆದಕುವವನು. ಕಥೆ ಹೇಳುವವಳು ಲೂಸಿ ಕಾರ್ಲೈಲ್. ಉತ್ತರ ಇಂಗ್ಲೆಂಡಿನ ಬಡ ಮನೆಯ ಹುಡುಗಿ, ಸತ್ತವರ ದನಿ ಕೇಳುವ ಕಿವಿಯುಳ್ಳವಳು. ಇವರ ಜೊತೆಗೆ ಗಾಜಿನ ಜಾಡಿಯೊಳಗಿನ ಒಂದು ತಲೆಬುರುಡೆ. ಅದರ ಬಗ್ಗೆ ಮಕ್ಕಳಿಗೆ ಮೊದಲೇ ಒಂದು ಮಾತೂ ಹೇಳಬೇಡಿ.

ಈ ಸರಣಿ ನನಗೆ ಯಾಕೆ ಇಷ್ಟು ಹತ್ತಿರ ಎಂದರೆ, ಇದರಲ್ಲಿ ಭಯ ಹುಟ್ಟುವುದು ದೆವ್ವದಿಂದಷ್ಟೇ ಅಲ್ಲ. ತಮಗೆ ಕಾಣದ ಅಪಾಯಕ್ಕೆ ಮಕ್ಕಳನ್ನು ಮುಂದೆ ದೂಡಿ, ಅದರಿಂದ ಹಣ ಮಾಡಿಕೊಳ್ಳುವ ಒಂದು ಸಮಾಜವೇ ಇಲ್ಲಿದೆ. ಕಾವಲು ಕಾಯುವ ಬಡ ಮಕ್ಕಳು ಕೈಯಲ್ಲೊಂದು ಕಬ್ಬಿಣದ ಮೊನೆಯ ಕೋಲು ಹಿಡಿದು ರಾತ್ರಿಯೆಲ್ಲ ಬೀದಿಯಲ್ಲಿ ನಿಲ್ಲುತ್ತಾರೆ. ನಮ್ಮ ಮಕ್ಕಳು ಇದನ್ನು ಬಹಳ ಬೇಗ ಹಿಡಿಯುತ್ತಾರೆ. “ದೊಡ್ಡವರಿಗೆ ಕಾಣುವುದಿಲ್ಲ ಅಂದಮೇಲೆ ಅವರು ಯಾಕೆ ಬಾಸ್ ಆಗಿದ್ದಾರೆ?” ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಸರಣಿಯ ಐದೂ ಪುಸ್ತಕಗಳು ಆ ಪ್ರಶ್ನೆಯ ಬೆನ್ನು ಹತ್ತಿಯೇ ಹೋಗುತ್ತವೆ.

ವಯಸ್ಸು ಮತ್ತು ಪುಸ್ತಕದ ಕ್ರಮ

ಒಂಬತ್ತು ವರ್ಷದ ಒಳಗಿನವರಿಗೆ ಬೇಡ. ಹತ್ತು, ಹನ್ನೊಂದರ ಮಕ್ಕಳಿಗೆ ದೊಡ್ಡವರು ಓದಿ ಹೇಳಬೇಕು. ಹನ್ನೆರಡು ದಾಟಿದವರು ತಾವೇ ಓದಬಲ್ಲರು, ಆದರೆ ಅವರೂ ಗುಂಪಿನಲ್ಲಿ ಕೂತು ಕೇಳಲು ಇಷ್ಟಪಡುತ್ತಾರೆ. ತಂಗಿ, ತಮ್ಮಂದಿರು ಹಟ ಮಾಡಿ ಬಂದು ಕೂತರೆ ಅವರಿಗೆ ಬೇರೆ ಕೋಣೆಯಲ್ಲಿ ಬೇರೆ ಪುಸ್ತಕ ಕೊಡಿ. ಏಳು ವರ್ಷದ ಮಗು ರಾತ್ರಿ ಎದ್ದು ಅತ್ತರೆ ಮರುವಾರ ಆ ಮನೆಯಿಂದ ಯಾರೂ ಬರುವುದಿಲ್ಲ.

ಕ್ರಮ ಹೀಗಿದೆ: ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’ (2013), ‘ದಿ ವಿಸ್ಪರಿಂಗ್ ಸ್ಕಲ್’ (2014), ‘ದಿ ಹಾಲೋ ಬಾಯ್’ (2015), ‘ದಿ ಕ್ರೀಪಿಂಗ್ ಶ್ಯಾಡೋ’ (2016), ‘ದಿ ಎಂಪ್ಟಿ ಗ್ರೇವ್’ (2017). ನಡುವಿನಿಂದ ಶುರು ಮಾಡಲೇಬೇಡಿ. ಪ್ರತಿ ಪುಸ್ತಕದಲ್ಲೂ ಒಂದೆರಡು ಪ್ರಕರಣಗಳು ಮುಗಿಯುತ್ತವೆ ನಿಜ, ಆದರೆ ಮೂವರ ನಡುವಿನ ಸ್ನೇಹ, ಸಿಟ್ಟು, ಮುಚ್ಚಿಟ್ಟ ಮಾತುಗಳು ಒಂದರಿಂದ ಇನ್ನೊಂದಕ್ಕೆ ಬೆಳೆಯುತ್ತಾ ಹೋಗುತ್ತವೆ. ಮೂರನೆಯದರ ಕೊನೆ ಮಕ್ಕಳ ಮನಸ್ಸನ್ನು ಕಲಕುತ್ತದೆ. ಅದಾದ ಮೇಲೆ ವಾರಗಟ್ಟಲೆ ಬಿಡುವು ಕೊಡದೆ ನಾಲ್ಕನೆಯದಕ್ಕೆ ಹೋಗಿ.

ಹಾಸನದ ಪುಸ್ತಕದ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಠ್ಯಪುಸ್ತಕ, ಗೈಡು. ಹಾಗಾಗಿ ಅಂಗಡಿಯವರಿಗೆ ಹೇಳಿ ತರಿಸಿಕೊಳ್ಳುವುದೋ, ಆನ್‌ಲೈನ್‌ನಲ್ಲಿ ತರಿಸುವುದೋ, ಬೆಂಗಳೂರಿಗೆ ಹೋದಾಗ ಹಳೆ ಪುಸ್ತಕದ ಅಂಗಡಿಯಲ್ಲಿ ಹುಡುಕುವುದೋ ಮಾಡಬೇಕು. ಗುಂಪಿಗೆ ಒಂದೇ ಪ್ರತಿ ಸಾಕು. ನಾಲ್ಕು ಮನೆಯವರು ಸೇರಿ ಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ.

2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಇದೇ ಹೆಸರಿನ ಎಂಟು ಕಂತುಗಳ ಧಾರಾವಾಹಿ ಬಂತು. ಮೊದಲ ಎರಡು ಪುಸ್ತಕಗಳ ಕಥೆ ಅದರಲ್ಲಿದೆ. ಮುಂದಿನ ಭಾಗ ಬರಲಿಲ್ಲ. ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಎರಡು ಪುಸ್ತಕ ಮುಗಿಯುವವರೆಗೆ ತೋರಿಸಬೇಡಿ. ಲೂಸಿಯ ಮುಖ ಹೇಗಿದೆ ಎಂದು ಪ್ರತಿ ಮಗುವೂ ತನ್ನ ಮನಸ್ಸಿನಲ್ಲಿ ಒಂದು ಚಿತ್ರ ಬರೆದುಕೊಂಡಿರುತ್ತದೆ, ಅದು ಉಳಿಯಲಿ.

ಗಟ್ಟಿಯಾಗಿ ಓದುವುದು

ಇದೇ ಮುಖ್ಯ ಕೆಲಸ. ಉಳಿದದ್ದೆಲ್ಲ ಇದರ ಬೆನ್ನಿಗೆ ಬರುವಂಥದ್ದು.

ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಮಾಧ್ಯಮದವರೂ ಇದ್ದಾರೆ, ಕನ್ನಡ ಶಾಲೆಯವರೂ ಇದ್ದಾರೆ. ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಿ, ಪುಸ್ತಕವನ್ನು ತೊಡೆಯ ಮೇಲಿಟ್ಟು, ಅದೇ ದೃಶ್ಯವನ್ನು ಕನ್ನಡದಲ್ಲಿ ಹೇಳಿ. ವಾಕ್ಯಕ್ಕೆ ವಾಕ್ಯ ಹೇಳಲು ಹೋದರೆ ಕಥೆ ಸಾಯುತ್ತದೆ. ಮಾತುಕತೆ ಬಂದ ಕಡೆ ಮೂರು ಪಾತ್ರಗಳನ್ನು ಮೂವರಿಗೆ ಹಂಚಿ: ಇಂಗ್ಲಿಷ್ ಬರುವವರು ಓದಲಿ, ಪಕ್ಕದಲ್ಲಿ ಕೂತವರು ಅದನ್ನು ಕನ್ನಡದಲ್ಲಿ ಹೇಳಲಿ. ಕೆಲವು ವಾರಗಳಲ್ಲಿ ಕನ್ನಡ ಶಾಲೆಯ ಮಕ್ಕಳು ಇಂಗ್ಲಿಷ್ ಸಾಲನ್ನು ಕಾಯದೆ ತಾವೇ ಮುಂದಿನ ಮಾತನ್ನು ಊಹಿಸತೊಡಗುತ್ತಾರೆ.

ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಸಂಜೆ ಲೂಸಿ ಮತ್ತು ಲಾಕ್‌ವುಡ್ ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಮನೆಯ ಯಜಮಾನ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದಾನೆ. ಹೆಂಡತಿ, ಮಗಳು ಅಲ್ಲಿ ಇರಲಾರದೆ ಮನೆ ಬಿಟ್ಟಿದ್ದಾರೆ. ಒಳಗೆ ಹೋದವರು ಕೂಗಾಡುವುದಿಲ್ಲ, ಮಂತ್ರ ಹೇಳುವುದಿಲ್ಲ. ಥರ್ಮಾಮೀಟರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದು, ಎಲ್ಲಿ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ಓದುವ ವೇಗ ಇಳಿಸಿ. ಅಂಕಿಯನ್ನು ಸಪ್ಪೆ ದನಿಯಲ್ಲಿ ಹೇಳಿ, ಒಂದು ಉಸಿರಿನಷ್ಟು ನಿಲ್ಲಿಸಿ, ಮುಂದಿನ ಕೋಣೆಗೆ ಹೋಗಿ. ಉಷ್ಣತೆ ಇಳಿಯುತ್ತಿದೆ ಎಂಬುದು ಮಕ್ಕಳಿಗೆ ತಾವಾಗಿಯೇ ಗೊತ್ತಾಗಬೇಕು. ನೀವು ದನಿ ನಡುಗಿಸಿ, ಕಣ್ಣು ಅರಳಿಸಿ ನಾಟಕ ಮಾಡಿದರೆ ಅವರು ನಗುತ್ತಾರೆ ಅಥವಾ ಕಿರುಚುತ್ತಾರೆ. ಎರಡರಲ್ಲೂ ಕಥೆ ಕೈತಪ್ಪುತ್ತದೆ.

ಇನ್ನೊಂದು ಮುನ್ನೆಚ್ಚರಿಕೆ. ಆ ಮೊದಲ ಪ್ರಕರಣ ಕುತೂಹಲದ ತುತ್ತತುದಿಯಲ್ಲಿದ್ದಾಗ ಕಥೆ ಹಿಂದಕ್ಕೆ ಹೋಗಿ, ಲೂಸಿ ಲಂಡನ್ನಿಗೆ ಹೇಗೆ ಬಂದಳು ಎಂಬುದನ್ನು ಹೇಳತೊಡಗುತ್ತದೆ. ಹೊಸಬರು ಇಲ್ಲಿ ಗಲಿಬಿಲಿಗೊಂಡು “ಆಮೇಲೆ ಏನಾಯಿತು ಹೇಳಿ” ಎಂದು ಪೀಡಿಸುತ್ತಾರೆ. “ಈಗ ಲೂಸಿಯ ಹಳೆಯ ಕಥೆ ಬರುತ್ತದೆ, ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ” ಎಂದು ಮೊದಲೇ ಹೇಳಿಬಿಡಿ. ಈ ಹಿಂದಿನ ಕಥೆಯಲ್ಲಿ, ಉಸ್ತುವಾರಿಯ ದೊಡ್ಡ ಮನುಷ್ಯನೊಬ್ಬ ತನ್ನ ಕರ್ತವ್ಯ ಬಿಟ್ಟದ್ದರಿಂದ ಲೂಸಿಯ ಗೆಳೆಯರು ಸಾಯುತ್ತಾರೆ. ಇಡೀ ಸರಣಿಯಲ್ಲಿ ನಾನು ತೀರಾ ನಿಧಾನವಾಗಿ ಓದುವ ಪುಟಗಳು ಇವೇ. ಮುಗಿದ ಮೇಲೆ ತಕ್ಷಣ ಚರ್ಚೆಗೆ ಇಳಿಯಬೇಡಿ. ನೀರು ಕುಡಿದು ಬರಲು ಬಿಡಿ. ಮಾತಾಡಬೇಕೆನಿಸಿದವರು ತಾವೇ ಬಂದು ಮಾತಾಡುತ್ತಾರೆ.

ಎಲ್ಲಿ ನಿಲ್ಲಿಸಬೇಕು? ಅಧ್ಯಾಯದ ಕೊನೆಗೆ ನಿಲ್ಲಿಸುವುದು ವಾಡಿಕೆ. ಈ ಸರಣಿಯಲ್ಲಿ ಅದು ನಡೆಯುವುದಿಲ್ಲ, ಅಧ್ಯಾಯಗಳು ಮುಗಿಯುವುದೇ ಬಾಗಿಲ ಹಿಂದೆ ಏನೋ ಕೆರೆಯುವ ಸದ್ದಿನಂಥ ಕಡೆ. ಮುಂದಿನ ಅಧ್ಯಾಯವನ್ನು ಅರ್ಧ ಓದಿ, ಅವರು ಮನೆಗೆ ಬಂದು ಚಹಾ ಕಾಯಿಸಿ, ಡೋನಟ್ ಡಬ್ಬಿ ತೆರೆದು ಕೂತಾಗ ನಿಲ್ಲಿಸಿ. ಮಕ್ಕಳು ಮನೆಗೆ ಹೋಗುವಾಗ ಅವರ ಮನಸ್ಸಿನಲ್ಲಿ ಆ ಅಡುಗೆಮನೆ ಇರಬೇಕು. ನಾವೂ ಅದೇ ಹೊತ್ತಿಗೆ ಕೋಡುಬಳೆ, ಚುರುಮುರಿ ಹಂಚುತ್ತೇವೆ. ಆಷಾಢದ ಜಡಿಮಳೆಯಲ್ಲಿ, ಕರೆಂಟು ಹೋದ ಸಂಜೆಗಳಲ್ಲಿ ಓದಿದರೆ ಇದರ ರುಚಿಯೇ ಬೇರೆ. ಆದರೆ ಹೊಸ ಮಕ್ಕಳು ಬಂದ ದಿನ ದೀಪ ಹಾಕಿಕೊಂಡೇ ಓದಿ.

“ಚಿಕ್ಕಮ್ಮ, ದೆವ್ವ ನಿಜವಾಗಿಯೂ ಇದೆಯಾ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು “ಇಲ್ಲ, ಇದು ಕಥೆ” ಎಂದು ನೇರವಾಗಿ ಹೇಳುತ್ತೇನೆ. ಮಗು ಹೆದರಿ ಕೇಳುತ್ತಿರುವಾಗ ಗುಟ್ಟು ಮಾಡುವುದು ಸರಿಯಲ್ಲ. ಕಥೆಯೆಂದು ಗೊತ್ತಾದ ಮೇಲೂ ಅವರು ಅಷ್ಟೇ ಆಸೆಯಿಂದ ಕೇಳುತ್ತಾರೆ.

ನಿಯಮಗಳ ನೋಟುಪುಸ್ತಕ

ಒಳ್ಳೆಯ ಅಭಿಮಾನಿಗೆ ಕಥೆಯ ನಿಯಮಗಳು ಬಾಯಿಪಾಠ ಇರುತ್ತವೆ. ಸ್ಟ್ರೌಡ್ ತಾವು ಕಟ್ಟಿದ ನಿಯಮವನ್ನು ಸುಲಭಕ್ಕೆ ಮುರಿಯುವುದಿಲ್ಲ, ಅದಕ್ಕೇ ಮಕ್ಕಳು ಅವರನ್ನು ನಂಬುತ್ತಾರೆ. ಪ್ರತಿ ಪುಸ್ತಕದ ಕೊನೆಗೂ ಪದಗಳ ವಿವರಣೆ ಕೊಟ್ಟಿದ್ದಾರೆ. ಆದರೆ ಅದನ್ನು ಮೊದಲೇ ತೋರಿಸಬೇಡಿ. ನೂರು ಪುಟದ ಒಂದು ನೋಟುಪುಸ್ತಕ ಕೊಟ್ಟು, ಓದುತ್ತಾ ಹೋದಂತೆ ಮಕ್ಕಳೇ ನಿಯಮಗಳನ್ನು ಬರೆಯಲಿ, ಪುಸ್ತಕ ಮುಗಿದ ಮೇಲೆ ಹಿಂದಿನ ವಿವರಣೆಯೊಡನೆ ತಾಳೆ ನೋಡಲಿ.

ಅವರು ಕಂಡುಕೊಳ್ಳಬೇಕಾದದ್ದು ಇಷ್ಟು. ಮೊದಲನೆಯ ಬಗೆಯ ದೆವ್ವ ದುರ್ಬಲ. ಮಾಡಿದ್ದನ್ನೇ ಮಾಡುತ್ತಾ ಇರುತ್ತದೆ, ನಮ್ಮ ಕಡೆ ಅದಕ್ಕೆ ಗಮನವಿಲ್ಲ. ಎರಡನೆಯದಕ್ಕೆ ನಾವು ಬಂದದ್ದು ಗೊತ್ತು, ಅದಕ್ಕೆ ಕೇಡೂ ಬೇಕು. ಮೂರನೆಯ ಬಗೆ ಅತಿ ಅಪರೂಪ, ಅದು ಬದುಕಿದವರೊಡನೆ ಮಾತಾಡಬಲ್ಲದು. ಪ್ರತಿ ದೆವ್ವವೂ ಒಂದು ವಸ್ತುವಿಗೋ ಸ್ಥಳಕ್ಕೋ ಕಟ್ಟುಬಿದ್ದಿರುತ್ತದೆ: ಒಂದು ಎಲುಬು, ಒಂದು ಒಡವೆ. ಆ ಮೂಲವನ್ನು ಹುಡುಕಿ ಬೆಳ್ಳಿಯಲ್ಲಿ ಮುಚ್ಚಿದರೆ ದೆವ್ವ ನಿಲ್ಲುತ್ತದೆ. ಕಬ್ಬಿಣ, ಬೆಳ್ಳಿ, ಉಪ್ಪು, ಲ್ಯಾವೆಂಡರ್ ಹೂವು, ಹರಿಯುವ ನೀರು, ಇವುಗಳನ್ನು ದೆವ್ವ ಸಹಿಸುವುದಿಲ್ಲ. ದೆವ್ವ ಬರುವ ಮುನ್ನ ನಾಲ್ಕು ಸೂಚನೆಗಳಿವೆ: ಚಳಿ, ಕೆಟ್ಟ ವಾಸನೆ ಮತ್ತು ರುಚಿ, ಮೈಮನಸ್ಸಿಗೆ ಕವಿಯುವ ಜಡತೆ, ಕಾರಣವಿಲ್ಲದೆ ತೆವಳಿ ಬರುವ ಭಯ.

ಈ ಪಟ್ಟಿ ನಮ್ಮ ಮಕ್ಕಳಿಗೆ ಹೊರಗಿನದು ಅನ್ನಿಸುವುದೇ ಇಲ್ಲ. ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವುದನ್ನು ಕಂಡಿದ್ದಾರೆ. ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣದ ಚೂರೊಂದನ್ನು ಇಡುವುದು ಗೊತ್ತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಅಪ್ಪ ಅಮ್ಮ ಹೇಳಿ ಕೇಳಿದ್ದಾರೆ. ನಿಯಮಗಳನ್ನು ಓದಿದ ಸಂಜೆ ಒಬ್ಬ ಹುಡುಗ “ಇದೆಲ್ಲ ನಮ್ಮ ಅಜ್ಜಿಗೆ ಮೊದಲೇ ಗೊತ್ತಿತ್ತು” ಎಂದು ಎದೆಯುಬ್ಬಿಸಿ ಹೇಳಿದ. ನೋಟುಪುಸ್ತಕದ ಎಡಪುಟದಲ್ಲಿ ಕಥೆಯ ನಿಯಮ, ಬಲಪುಟದಲ್ಲಿ ನಮ್ಮ ಮನೆಗಳ ಪದ್ಧತಿ ಬರೆಯುವ ಕ್ರಮ ಆ ಮಾತಿನಿಂದ ಶುರುವಾಯಿತು. ನೀವೂ ಹಾಗೇ ಮಾಡಿ.

ಆಟದ ಸಲಕರಣೆ ಬೇಕೆನ್ನುವ ಮಕ್ಕಳಿಗೆ: ಕತ್ತಿಯ ಬದಲಿಗೆ ಸುರುಳಿ ಸುತ್ತಿದ ಪತ್ರಿಕೆ ಸಾಕು, ಬಿದಿರು ಕೋಲು ಬೇಡ, ಕಣ್ಣಿಗೆ ತಗಲುತ್ತದೆ. ಉಪ್ಪಿಗೆ ಚಿಕ್ಕ ಬಟ್ಟೆಯ ಗಂಟು. ಲ್ಯಾವೆಂಡರ್ ಬದಲಿಗೆ ಹೂವಿನ ಅಂಗಡಿಯಿಂದ ದವನ. ಕಬ್ಬಿಣದ ಸರಪಳಿಗೆ ಒರೆಸಿ ಇಟ್ಟ ಹಳೆಯ ಸೈಕಲ್ ಚೈನು.

ಬಿಳಿ ಪಂಚೆ

ಪೋರ್ಟ್‌ಲ್ಯಾಂಡ್ ರೋ ಮನೆಯ ಅಡುಗೆಮನೆಯ ಮೇಜಿನ ಮೇಲೆ ಒಂದು ಬಿಳಿ ಹಾಸುಬಟ್ಟೆ ಇರುತ್ತದೆ. ಮೂವರೂ ಅದರ ಮೇಲೆ ಟಿಪ್ಪಣಿ ಬರೆಯುತ್ತಾರೆ, ಚಿತ್ರ ಗೀಚುತ್ತಾರೆ, ಬಾಯಲ್ಲಿ ಹೇಳಲಾಗದ ಮಾತನ್ನು ಮೂಲೆಯಲ್ಲಿ ಬರೆದಿಡುತ್ತಾರೆ. ಸರಣಿಯ ಅತಿ ಸುಂದರವಾದ ಕಲ್ಪನೆ ಇದು ಎಂದು ನನ್ನ ಭಾವನೆ, ಮತ್ತು ಅನುಸರಿಸಲು ಅತಿ ಸುಲಭವಾದದ್ದೂ ಹೌದು. ಹಳೆಯ ಬಿಳಿ ಪಂಚೆಯೊಂದನ್ನು ಒಗೆದು, ಗಂಜಿ ಹಾಕಿ, ನೆಲದ ಮೇಲೆ ಹಾಸಿ. ಗಂಜಿ ಹಾಕದಿದ್ದರೆ ಸ್ಕೆಚ್ ಪೆನ್ನಿನ ಬಣ್ಣ ಹರಡಿ ಅಕ್ಷರ ಕಾಣುವುದಿಲ್ಲ. ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲವಾದರೆ ನೆಲವೆಲ್ಲ ಬಣ್ಣ.

ಓದು ನಡೆಯುವಾಗಲೇ ಮಕ್ಕಳು ಅದರ ಮೇಲೆ ಬರೆಯಬಹುದು. ಯಾರು ಬರೆದರೆಂದು ಕೇಳುವಂತಿಲ್ಲ, ಅಳಿಸುವಂತಿಲ್ಲ, ಕಾಗುಣಿತ ತಿದ್ದುವಂತಿಲ್ಲ. ನಮ್ಮ ಪಂಚೆಯ ಒಂದು ಅಂಚಿನಲ್ಲಿ ಪೋರ್ಟ್‌ಲ್ಯಾಂಡ್ ರೋ ಮನೆಯ ನಕ್ಷೆ ಇದೆ, ಅದರ ಹಿತ್ತಿಲಲ್ಲಿ ಯಾರೋ ಒಂದು ಸೀಬೆ ಮರ ಸೇರಿಸಿದ್ದಾರೆ. ಇನ್ನೊಂದು ಕಡೆ ಹಸಿರು ಬಣ್ಣದಲ್ಲಿ “ಜಾರ್ಜ್‌ಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ ಯಾಕೆ” ಎಂದಿದೆ, ಅದರ ಕೆಳಗೆ ಬೇರೆ ಕೈಬರಹದಲ್ಲಿ “ನಾನು ಹೇಳುತ್ತೇನೆ”. ಗುಂಪಿನಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಮಾತಾಡುತ್ತಾರೆ. ಓದಿ ಮುಗಿದ ಮೇಲೆ ಪಂಚೆಯನ್ನು ನೋಡಿದರೆ ಮುಂದಿನ ವಾರ ಯಾವ ಪ್ರಶ್ನೆಯಿಂದ ಮಾತು ಶುರು ಮಾಡಬೇಕೆಂದು ನಿಮಗೇ ತಿಳಿಯುತ್ತದೆ.

ಜಾರ್ಜ್‌ನ ಕೆಲಸ

ಜಾರ್ಜ್ ಕತ್ತಿ ಬೀಸುವುದರಲ್ಲಿ ಮುಂದಿಲ್ಲ. ಅವನು ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆ ತಿರುವಿ, ಆ ಮನೆಯಲ್ಲಿ ಯಾರಿದ್ದರು, ಯಾವ ವರ್ಷ ಏನಾಯಿತು ಎಂದು ಕಂಡುಹಿಡಿದು ತರುತ್ತಾನೆ. ಅವನಿಗೆ ಸಮಯ ಕೊಡದೆ ಒಳಗೆ ನುಗ್ಗಿದಾಗಲೆಲ್ಲ ಲಾಕ್‌ವುಡ್ ಮತ್ತು ಲೂಸಿ ಪೆಟ್ಟು ತಿನ್ನುತ್ತಾರೆ. ಮೊದಲ ಪುಸ್ತಕದಲ್ಲಿ ಅಂಥ ಆತುರದಿಂದ ಒಂದು ಮನೆಯೇ ಸುಟ್ಟು, 60,000 ಪೌಂಡ್ ಪರಿಹಾರ ಕೊಡಬೇಕಾಗಿ ಬರುತ್ತದೆ. ಮಕ್ಕಳಿಗೆ ಎಲ್ಲರಿಗೂ ಲಾಕ್‌ವುಡ್ ಆಗುವ ಆಸೆ. ಅವರನ್ನು ಜಾರ್ಜ್‌ನ ಕಡೆಗೆ ತಿರುಗಿಸುವುದೇ ಈ ಇಡೀ ಪ್ರಯತ್ನದ ಬೆನ್ನೆಲುಬು.

ಎರಡನೆಯ ಪುಸ್ತಕ ಶುರುವಾಗುವ ಹೊತ್ತಿಗೆ ಮಕ್ಕಳನ್ನು ತಮ್ಮ ತಮ್ಮ ಊರಿನ ಹಿರಿಯರ ಬಳಿಗೆ ಕಳಿಸಿ. ಹಾಸನದಲ್ಲಿರುವ ಬಹುಪಾಲು ಮನೆಗಳಿಗೆ ಆಲೂರು, ಅರಕಲಗೂಡು, ಸಕಲೇಶಪುರ, ಬೇಲೂರು ಕಡೆ ಒಂದು ಹಳ್ಳಿಯ ನಂಟು ಇದ್ದೇ ಇರುತ್ತದೆ. “ಅಜ್ಜಿ, ದೆವ್ವದ ಕಥೆ ಹೇಳಿ” ಎಂದರೆ ಅಜ್ಜಿ ಟಿವಿಯಲ್ಲಿ ನೋಡಿದ್ದನ್ನು ಹೇಳುತ್ತಾರೆ, ಅಥವಾ “ಸುಮ್ಮನಿರು, ಹೊತ್ತು ಮುಳುಗಿದ ಮೇಲೆ ಅದೆಲ್ಲ ಎತ್ತಬೇಡ” ಎನ್ನುತ್ತಾರೆ. ಪ್ರಶ್ನೆ ಬೇರೆಯಾಗಿರಬೇಕು. “ಅಜ್ಜಿ, ನೀವು ಚಿಕ್ಕವರಿದ್ದಾಗ ಸಂಜೆ ಆದ ಮೇಲೆ ಯಾವ ದಾರಿಯಲ್ಲಿ ಓಡಾಡುತ್ತಿರಲಿಲ್ಲ?” ಎಂದು ಕೇಳಿಸಿ. ಆಗ ಒಂದು ಜಾಗ ಸಿಗುತ್ತದೆ: ಕೆರೆಯ ತೂಬು, ಹಳೆ ಹುಣಸೆಮರ, ತೋಟದ ಕೂಲಿಯವರ ಲೈನುಮನೆಗಳ ಹಿಂದಿನ ಹಾಳು ಬಾವಿ. ಎರಡನೆಯ ಪ್ರಶ್ನೆ, “ಯಾರು ಹೇಳಿದ್ದರು ಹೋಗಬೇಡ ಎಂದು?” ಮೂರನೆಯದು, “ಅಲ್ಲಿ ಏನಾಗಿತ್ತು?” ಕೊಳ್ಳಿದೆವ್ವದ ಬೆಂಕಿ ಗದ್ದೆ ಬದುವಿನಲ್ಲಿ ಓಡಿದ್ದರಿಂದ ಶುರುವಾದ ಮಾತು, ಆ ವರ್ಷದ ಬರ, ಪ್ಲೇಗು, ಬಾವಿಗೆ ಬಿದ್ದ ಸೊಸೆಯವರೆಗೂ ಹೋಗುತ್ತದೆ. ಹೇಳುವವರ ದನಿ ಇಳಿದರೆ ಅಲ್ಲಿಗೇ ನಿಲ್ಲಿಸಲು ಮಕ್ಕಳಿಗೆ ಮೊದಲೇ ಹೇಳಿರಿ. ಬದುಕಿರುವ ಮನೆಯವರ ದುಃಖವನ್ನು ನೋಟುಪುಸ್ತಕಕ್ಕೆ ಎತ್ತಿಕೊಳ್ಳಬಾರದು, ಹೆಸರನ್ನಂತೂ ಬರೆಯಲೇಬಾರದು.

ಇನ್ನೊಂದು ಗೆರೆಯನ್ನೂ ಸ್ಪಷ್ಟವಾಗಿ ಹಾಕಿ. ದೈವ ಬೇರೆ, ದೆವ್ವ ಬೇರೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಚೌಡಿಗೆ ಎಡೆ ಇಡುವವರಿದ್ದಾರೆ, ಪಂಜುರ್ಲಿಗೆ ನಡೆದುಕೊಳ್ಳುವವರಿದ್ದಾರೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುತ್ತದೆ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಉರಿಯುತ್ತದೆ ಎಂಬುದು ನಂಬಿಕೆ. ಮಕ್ಕಳಿಗೆ ಇದನ್ನೆಲ್ಲ ‘ಪ್ರಕರಣ’ ಮಾಡುವ ಆಸೆ ಬರುತ್ತದೆ. ಬೇಡವೆನ್ನಿ. ಜನ ಕೈಮುಗಿಯುವುದನ್ನು ಉಪ್ಪು, ಕಬ್ಬಿಣ ಹಿಡಿದು ಅಟ್ಟುವ ಕಥೆ ಬರೆಯುವುದು ಆ ಜನರಿಗೆ ನೋವು ಕೊಡುತ್ತದೆ.

ಓದುವ ಮೂಲಗಳೂ ಇವೆ. ದೊಡ್ಡ ಮಕ್ಕಳಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ನೋಡಿಸಿ; ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ, ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಅದು. ತಮ್ಮ ತಾಲ್ಲೂಕಿನ ಹೆಸರಿನ ಕೆಳಗೆ ತಮ್ಮ ಊರಿನ ಕಲ್ಲು ಸಿಕ್ಕಿದರೆ ಮಕ್ಕಳ ಮುಖ ನೋಡಬೇಕು. ಚಿಕ್ಕಮಗಳೂರಿನವರು ಆರನೆಯ ಸಂಪುಟ ನೋಡಬೇಕು, ಆಗ ಆ ಜಿಲ್ಲೆಯ ಹೆಸರು ಕಡೂರು ಎಂದಿತ್ತು.

ಹಗಲಿನ ಪಯಣ

ಎಲ್ಲ ಪಯಣವೂ ಹಗಲಿನಲ್ಲಿ, ದೊಡ್ಡವರ ಜೊತೆಗೆ. ರಾತ್ರಿ ಹಾಳು ಕಟ್ಟಡಕ್ಕೆ ಹೋಗಿ ವಿಡಿಯೊ ಮಾಡುವ ಚಟ ಈಚೆಗೆ ಹೆಚ್ಚಾಗಿದೆ, ಅದಕ್ಕೂ ಈ ಪುಸ್ತಕದ ಪ್ರೀತಿಗೂ ಸಂಬಂಧವಿಲ್ಲ.

ನನ್ನ ಮೊದಲ ಆಯ್ಕೆ ಶೆಟ್ಟಿಹಳ್ಳಿ. ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ರೋಸರಿ ಚರ್ಚಿನ ಅವಶೇಷ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದಾಗ ಊರು ಸ್ಥಳಾಂತರವಾಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ನೀರು ಏರಿ ಗೋಡೆಗಳು ಅರ್ಧ ಮುಳುಗುತ್ತವೆ. ಬೇಸಿಗೆಯಲ್ಲಿ ನೆಲದ ಮೇಲೆ ನಡೆದೇ ಹತ್ತಿರ ಹೋಗಬಹುದು. ಮಕ್ಕಳೊಡನೆ ಹೋಗುವುದಾದರೆ ಫೆಬ್ರವರಿಯಿಂದ ಮೇ ತಿಂಗಳ ನಡುವೆ ಹೋಗಿ. ಗೋಡೆ ಶಿಥಿಲವಾಗಿದೆ, ಕಮಾನುಗಳ ಕೆಳಗೆ ಕೂರಿಸಬೇಡಿ. ದೂರದಲ್ಲಿ ಕೂತು ನಿಯಮದ ನೋಟುಪುಸ್ತಕ ತೆಗೆದು ಒಂದು ಪ್ರಶ್ನೆ ಹಾಕಿ: ಹರಿಯುವ ನೀರನ್ನು ದೆವ್ವ ದಾಟುವುದಿಲ್ಲ, ಹೇಮಾವತಿ ಹರಿಯುವ ನದಿ, ಆದರೆ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಆ ನಿಯಮ ನಡೆಯುತ್ತದೆಯೇ? ನಮ್ಮ ಮಕ್ಕಳು ಇದರ ಮೇಲೆ ಊಟ ಮರೆತು ವಾದ ಮಾಡಿದರು. ನಿಂತ ನೀರಾದರೂ ತೂಬಿನ ಕಡೆಗೆ ನಿಧಾನವಾಗಿ ಚಲಿಸುತ್ತದೆ ಎಂದು ಒಬ್ಬಳು, ಕಣ್ಣಿಗೆ ಕಾಣದ ಚಲನೆ ಲೆಕ್ಕಕ್ಕಿಲ್ಲ ಎಂದು ಇನ್ನೊಬ್ಬ. ಊರು ಬಿಟ್ಟು ಹೋದವರ ಬಗ್ಗೆ ಮಾತು ತಾನಾಗಿಯೇ ಅಲ್ಲಿಂದ ಬಂತು.

ಸಕಲೇಶಪುರದಿಂದ ಮಂಗಳೂರು ದಾರಿಯಲ್ಲಿ ಸ್ವಲ್ಪ ಮುಂದೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಮಕ್ಕಳಿಂದ ಇದರ ನಕ್ಷೆ ಬರೆಸಿ: ಎಲ್ಲಿ ಬಾಗಿಲು, ಎಲ್ಲಿ ಕೊಳ, ಎಲ್ಲಿ ತಂಪು ನೆಲಮಾಳಿಗೆ. ಲಾಕ್‌ವುಡ್ ತಂಡ ಒಂದು ಮನೆಗೆ ಹೊಕ್ಕರೆ ಮೊದಲು ನೋಡುವುದೇ ಒಳಹೊರಗಿನ ದಾರಿ. ಥರ್ಮಾಮೀಟರ್ ಒಯ್ಯಿರಿ, ಬಿಸಿಲಿಗೂ ನೆಲಮಾಳಿಗೆಗೂ ಇರುವ ವ್ಯತ್ಯಾಸವನ್ನು ಅವರೇ ಅಳೆದು ಬರೆಯಲಿ. ಅದೇ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಹಗಲು ರೈಲಿನ ಕಿಟಕಿಯ ಪಕ್ಕ ಕೂರಿಸಿ, ಸುರಂಗ ಎಣಿಸಲು ಹೇಳಿ. ಘಟ್ಟದ ಉದ್ದಕ್ಕೂ ಕಬ್ಬಿಣದ ಎರಡು ಗೆರೆ ಎಳೆದಿರುವಾಗ ದೆವ್ವ ಈ ಕಡೆಯಿಂದ ಆ ಕಡೆಗೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಹಳಿಯ ಮೇಲೆ ನಡೆಯುವುದು ಮಾತ್ರ ಕಾನೂನಿಗೂ ಜೀವಕ್ಕೂ ವಿರುದ್ಧ.

ಹಳೇಬೀಡಿಗೆ ಹದಿಮೂರು ದಾಟಿದವರನ್ನು ಕರೆದುಕೊಂಡು ಹೋಗಿ. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಗರುಡ ಕಂಬವೊಂದಿದೆ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಪ್ರಾಣವನ್ನೇ ಮುಡಿಪಾಗಿಟ್ಟ ಕುವರ ಲಕ್ಷ್ಮನ ನೆನಪಿನದು. ದೊರೆ 1220ರಲ್ಲಿ ತೀರಿಕೊಂಡಾಗ ಮಾತಿಗೆ ಕಟ್ಟುಬಿದ್ದು ಲಕ್ಷ್ಮನೂ ಅವನ ಹೆಂಡತಿಯೂ ಜೀವ ಬಿಟ್ಟರು. ದೊಡ್ಡವರಿಗಾಗಿ ಎಳೆಯರು ಜೀವ ಕೊಡುವ ಕಥೆಯನ್ನು ತಿಂಗಳುಗಟ್ಟಲೆ ಓದಿ ಬಂದ ಮಕ್ಕಳು ಆ ಕಂಬದ ಮುಂದೆ ಸುಲಭಕ್ಕೆ ಒಪ್ಪುವುದಿಲ್ಲ. “ಅವನು ಹಾಗೆ ಮಾಡಬೇಕಿತ್ತಾ?” ಎಂದು ಕೇಳುತ್ತಾರೆ. ನನಗೆ ಅನ್ನಿಸಿದ್ದನ್ನು ನಾನು ಹೇಳಿದ್ದೇನೆ, ಮಾಡಬೇಕಿರಲಿಲ್ಲ ಎಂದು. ನಿಮಗೆ ಬೇರೆ ಅನ್ನಿಸಿದರೆ ಅದನ್ನು ಹೇಳಿ, ಪ್ರಶ್ನೆಯನ್ನು ಮಾತ್ರ ತೇಲಿಸಿಬಿಡಬೇಡಿ.

ಸ್ವಂತ ಪ್ರಕರಣ ಬರೆಸುವುದು

ಮೂರನೆಯ ಪುಸ್ತಕ ಮುಗಿದ ಮೇಲೆ ಮಕ್ಕಳು ಕಥೆ ಬರೆಯಲು ಸಿದ್ಧರಿರುತ್ತಾರೆ. ಲೂಸಿ, ಲಾಕ್‌ವುಡ್ ಹಾಸನಕ್ಕೆ ಬಂದರೆಂದು ಬರೆಸಬೇಡಿ. ಆ ಪಾತ್ರಗಳು ಸ್ಟ್ರೌಡ್ ಅವರವು. ನಮ್ಮ ಮಕ್ಕಳ ತಂಡಕ್ಕೆ ಅವರದೇ ಹೆಸರು, ಅವರದೇ ಮನೆ ಇರಲಿ. ನಿಯಮಗಳ ಕಟ್ಟು ಮಾತ್ರ ಕಲಿತುಕೊಂಡದ್ದು.

ಬರೆಯುವ ಮುನ್ನ ಪ್ರತಿ ಮಗುವೂ ಐದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕು. ಸತ್ತವರು ಯಾರು? ಅವರಿಗೆ ಏನು ಸಿಗಲಿಲ್ಲ? ಅವರು ಕಟ್ಟುಬಿದ್ದ ವಸ್ತು ಯಾವುದು, ಅದು ಈಗ ಎಲ್ಲಿದೆ? ದೊಡ್ಡವರು ಯಾವ ವಿಷಯ ಮುಚ್ಚಿಡುತ್ತಿದ್ದಾರೆ? ತಂಡದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮುನಿಸಿಲ್ಲದ ತಂಡದ ಕಥೆ ಎರಡನೇ ಪುಟಕ್ಕೇ ಮುಗಿದುಹೋಗುತ್ತದೆ. ಎರಡನೆಯ ಪ್ರಶ್ನೆಗೆ ‘ಸೇಡು’ ಎಂದು ಬರೆದವರಿಗೆ ಇನ್ನೊಮ್ಮೆ ಯೋಚಿಸಲು ಹೇಳಿ. ನಮ್ಮಲ್ಲೊಬ್ಬಳು ಕಾಫಿ ಕಣದ ದೆವ್ವವೊಂದನ್ನು ಬರೆದಳು: ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಕೂಲಿ ಬರೆಯದೆ ಬಿಟ್ಟಿದ್ದಾರೆಂದು ಪ್ರತಿ ಶನಿವಾರ ಬಟವಾಡೆಯ ಹೊತ್ತಿಗೆ ಸಾಲಿನಲ್ಲಿ ಬಂದು ನಿಲ್ಲುವ ಹೆಂಗಸು. ಮೂಲವಸ್ತು ಆ ಲೆಕ್ಕದ ಪುಸ್ತಕ. ಮಕ್ಕಳ ತಂಡ ಅದನ್ನು ಬೆಳ್ಳಿಯಲ್ಲಿ ಮುಚ್ಚುವ ಮೊದಲು ಖಾಲಿ ಜಾಗದಲ್ಲಿ ಕೂಲಿಯ ಮೊತ್ತ ಬರೆಯುತ್ತದೆ.

ತಿದ್ದುವಾಗ ಮೊದಲು ನಿಯಮ ಸರಿಯಿದೆಯೇ ಎಂದು ಉಳಿದ ಮಕ್ಕಳೇ ನೋಡಲಿ, ಆಮೇಲೆ ಭಾಷೆ. ನಂತರ ನಾಲ್ಕು ಎ4 ಹಾಳೆಯನ್ನು ಮಧ್ಯಕ್ಕೆ ಮಡಿಸಿದರೆ ಹದಿನಾರು ಪುಟದ ಪುಸ್ತಕವಾಗುತ್ತದೆ. ಕಪ್ಪು ಶಾಯಿಯಲ್ಲೇ ಬರೆಸಿ, ನೀಲಿ ಬಣ್ಣ ಜೆರಾಕ್ಸ್‌ನಲ್ಲಿ ತೆಳುವಾಗುತ್ತದೆ. ಹೊಲಿಯಲು ದಪ್ಪ ದಾರ, ಮುಖಪುಟಕ್ಕೆ ಮಕ್ಕಳದೇ ಚಿತ್ರ. ಒಂದು ಪ್ರತಿಯನ್ನು ದಾರಿ ತೋರಿಸಿದ ಅಜ್ಜಿಗೆ ಓದಿ ಹೇಳಿ ಅವರ ಕೈಗೇ ಕೊಡಿ. ತಪ್ಪಿದೆಯೆಂದು ಅವರು ತಿದ್ದಿದರೆ ಮುಂದಿನ ಪ್ರತಿಗಳಲ್ಲಿ ಸರಿಪಡಿಸಿ. ಇನ್ನೊಂದನ್ನು ಊರಿನ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಿ, ಒಳಪುಟದಲ್ಲಿ ‘ಹತ್ತು ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರಲಿ.